ನೋಡುವವರಿಲ್ಲದ ಸೋಗು

ಮನೆಯೊಳಗೆ ನಾವು ಸೋಗು ಅನ್ನುತ್ತೇವೆ, ಹೊಸ್ತಿಲು ದಾಟಿ ಬಾಜಾರಕ್ಕೆ ಬಂದರೆ ಸೋಂಗ ಅನ್ನುತ್ತೇವೆ. ಎರಡೂ ಮಾತು ಕಿವಿಗೆ ಅಣ್ಣ ತಮ್ಮಂದಿರಂತೆ ಕೇಳುತ್ತವೆ, ಅರ್ಥವೂ ಒಂದೇ. ತಾನಲ್ಲದವನಾಗಿ ನಾಲ್ಕು ಮಂದಿಯ ಮುಂದೆ ನಿಲ್ಲುವುದು. ಹಗಲುವೇಷದವರು ಬಾಗಿಲ ಮುಂದೆ ರಾಮನಾಗಿಯೋ ಭೀಮನಾಗಿಯೋ ಬಂದು ನಿಲ್ಲುತ್ತಿದ್ದರು. ಬಹುರೂಪಿ ಖಾಕಿ ತೊಟ್ಟು ಫೌಜದಾರನಾಗಿ ಬಂದು, ಮನೆಯ ಯಜಮಾನನನ್ನೇ ಗದರಿಸಿ, ಎಲ್ಲರನ್ನೂ ನಗಿಸಿ, ಜೋಳ ಹಾಕಿಸಿಕೊಂಡು ಹೋಗುತ್ತಿದ್ದ. ಸುಗ್ಗಿ ಮುಗಿದರೆ ದೊಡ್ಡಾಟ. ಮರಾಠಿಯಲ್ಲಾದರೆ ಭಾರುಡ. ಪೈಠಣದ ಏಕನಾಥರು 16ನೆಯ ಶತಮಾನದಲ್ಲಿ ಜೋಶಿ, ವಾಸುದೇವ, ಗೊಂಧಳಿಗಳ ಸೋಂಗಿನಲ್ಲೇ ಪರಮಾರ್ಥ ಹೇಳಿದರು. ಇಷ್ಟೆಲ್ಲ ಸೋಗು ಕಂಡ ನಾಡಿನಲ್ಲೇ ಒಂದು ಗಾದೆಯೂ ಹುಟ್ಟಿತು: 'ಸಗಳೀ ಸೋಂಗಂ ಆಣತಾ ಯೇತಾತ, ಪಣ ಪೈಶಾಚಂ ಸೋಂಗ ಆಣತಾ ಯೇತ ನಾಹೀ.' ರೊಕ್ಕದ ಸೋಗೊಂದನ್ನು ಮಾತ್ರ ಹಾಕಲಿಕ್ಕೆ ಬರುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದ ನನಗೆ ಈ ಗಾದೆಯ ಮೇಲೆ ವಿಶೇಷ ಪ್ರೀತಿ.

ಈ ಹೊತ್ತು ಹೇಳಹೊರಟಿದ್ದು ಹೊಸ ಬಗೆಯ ಒಂದು ಸೋಗಿನ ಇತಿಹಾಸ. ಗಣಕಯಂತ್ರದ ಮುಂದೆ ಒಬ್ಬರೇ ಕುಳಿತು, ತೆರೆಯೊಳಗಿನ ವೀರನ ಪಾತ್ರವನ್ನು ತಾವೇ ಧರಿಸಿ, ಕಾಲ್ಪನಿಕ ಲೋಕದಲ್ಲಿ ಕತ್ತಿ ಹಿಡಿದು ಮಂತ್ರ ಹೇಳುತ್ತ ತಿರುಗುವ ಆಟಗಳಿವೆ. ಅವುಗಳಲ್ಲಿ ಬಹಳ ಹೆಸರಾದದ್ದು ಸ್ಕೈರಿಮ್. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಎಂಬ ಕಂಪನಿ ಅದನ್ನು 2011ರ ನವೆಂಬರ್ 11ರಂದು ಹೊರತಂದಿತು. 2023ರ ಹೊತ್ತಿಗೆ ಆರು ಕೋಟಿಯಷ್ಟು ಪ್ರತಿಗಳು ಮಾರಾಟವಾಗಿದ್ದವು. ಹಿಮದ ಬೆಟ್ಟಗಳು, ಹಳೆಯ ಕೋಟೆಗಳು, ರೆಕ್ಕೆಯ ಘಟಸರ್ಪಗಳು, ತಾಸುಗಟ್ಟಲೆ ನಡೆದರೂ ಮುಗಿಯದ ಹಾದಿ. ಆಡಿದವರು ವರ್ಷಗಟ್ಟಲೆ ಆಡುತ್ತಾರೆ. ಆದರೆ ಎರಡು ತಾಸು ಆಡಿ, ಆಕಳಿಸಿ, ಎದ್ದುಹೋಗುವವರೂ ಬಹಳ ಮಂದಿ ಇದ್ದಾರೆ. ಅದು ಯಾಕೆ?

ಈ ಪ್ರಶ್ನೆ ನನ್ನದಲ್ಲ, ಉದಗೀರ ಕಡೆಯ ಒಬ್ಬ ಹುಡುಗನದು. ನಮ್ಮ ಬೀಗರ ಪೈಕಿಯವನು, ಪುಣೆಯಲ್ಲಿ ಓದುತ್ತಾನೆ. ಕೋಣೆಯ ಗೆಳೆಯರೆಲ್ಲ ಈ ಆಟಕ್ಕೆ ಜೀವ ಬಿಡುವವರು. ಇವನು ಮೂರು ಸಂಜೆ ಕುಳಿತು ನೋಡಿ ಬಿಟ್ಟ. ಗೆಳೆಯರು 'ಗಾವಠೀ' ಎಂದು ನಕ್ಕರಂತೆ. ದೀಪಾವಳಿಗೆ ಬಂದಾಗ ನನ್ನ ಹತ್ತಿರ ಬಂದು ಕುಳಿತು, 'ಕಾಕಾ, ಎಲ್ಲರೂ ಛಲೋ ಅದ ಅಂತಾರ, ನನಗಷ್ಟೇ ಯಾಕ ಹತ್ತವಲ್ದು? ನನ್ನ ಇಂಗ್ಲಿಷ್ ಕಚ್ಚಾ ಅದ ಅಂತ ಇರಬೇಕೇನು?' ಎಂದು ಕೇಳಿದ. ಆಟ ಹತ್ತದ್ದಕ್ಕಿಂತ ತನ್ನಲ್ಲೇ ಏನೋ ಕೊರತೆ ಇದೆ ಎಂಬ ಅಂಜಿಕೆ ಅವನಿಗೆ ಹತ್ತಿತ್ತು. ಅವನ ಸಲುವಾಗಿ ನಾನು ಈ ಆಟದ ವಂಶಾವಳಿಯನ್ನು ಹುಡುಕಿಕೊಂಡು ಹೋದೆ.

ವಂಶಾವಳಿ ನಮ್ಮ ಮಗ್ಗುಲಿನಿಂದಲೇ ಹಿಡಿಯಬಹುದು. ಉಮರ್ಗಾದಿಂದ ಹೈದರಾಬಾದ ರಸ್ತೆ ಹಿಡಿದರೆ ಬಸವಕಲ್ಯಾಣ ದೂರವೇನಿಲ್ಲ. ಅದೇ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ಗ್ರಂಥ ಬರೆಸಿದ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ಕೊನೆಯ ಇಪ್ಪತ್ತು ಅಧ್ಯಾಯ ಪೂರ್ತಿ ಆಟಗಳಿಗೇ ಮೀಸಲು. ಉಯ್ಯಾಲೆ, ನೀರಾಟ, ಒಗಟು, ಚದುರಂಗ, ಪಗಡೆ, ಕವಡೆ ಎಲ್ಲ ಅಲ್ಲಿವೆ. ರಾಜ್ಯಭಾರದ ಜೊತೆಗೆ ಆಟವನ್ನೂ ಅಷ್ಟೇ ಶ್ರದ್ಧೆಯಿಂದ ಬರೆಸಿದ ದೊರೆ ನಮ್ಮ ನೆರೆಯವನು ಎಂಬುದನ್ನು ನಮ್ಮ ಮಂದಿ ಅಷ್ಟಾಗಿ ನೆನೆಯುವುದಿಲ್ಲ, ನೆನೆಯಬೇಕು.

ಆ ಚದುರಂಗ ಭಾರತದಿಂದ ಪಾರಸಿಕರ ನಾಡಿಗೆ, ಅರಬರಿಗೆ, ಅಲ್ಲಿಂದ ಯುರೋಪಿಗೆ ಹೋದದ್ದು ಹಳೆಯ ಕಥೆ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್‌ವಿಗ್ ಎಂಬ ಮಾಸ್ತರರು ಚದುರಂಗದ ಮಣೆಯನ್ನು ಹಿಗ್ಗಿಸಿ, ಅದರೊಳಗೆ ಬೆಟ್ಟ, ಹೊಳೆ, ತೋಪುಗಳನ್ನು ತಂದು ಯುದ್ಧದಾಟ ಮಾಡಿದರು. ಪ್ರಶಿಯಾದಲ್ಲಿ ರೈಸ್‌ವಿಟ್ಸ್ ಎಂಬ ತಂದೆ 1812ರಲ್ಲಿ ಅದನ್ನು ಬೆಳೆಸಿದ, ಮಗ 1824ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದ. ಸೈನ್ಯದ ಅಧಿಕಾರಿಗಳು ನಕಾಶೆಯ ಮೇಲೆ ದಂಡು ನಡೆಸಬೇಕು, ದಾಳ ಒಗೆಯಬೇಕು, ನಡುವೆ ಒಬ್ಬ ಪಂಚ ಕುಳಿತು ಏನಾಯಿತೆಂದು ಹೇಳಬೇಕು. ಈ ಪಂಚನನ್ನು ನೆನಪಿಡಿ, ಮುಂದೆ ಬೇಕಾಗುತ್ತಾನೆ.

ಅಲ್ಲಿಂದ ನೂರೈವತ್ತು ವರ್ಷ ದಾಟಿ ಅಮೆರಿಕಕ್ಕೆ ಬರೋಣ. 1969ರಲ್ಲಿ ಮಿನ್ನೆಸೋಟಾ ರಾಜ್ಯದ ಡೇವಿಡ್ ವೆಸ್ಲಿ ಎಂಬ ತರುಣ ಯುದ್ಧದಾಟವನ್ನೇ ತಿರುವಿ ಹಾಕಿದ. ಬ್ರೌನ್‌ಸ್ಟೈನ್ ಎಂಬ ಒಂದು ಕಲ್ಪಿತ ಊರು. ಆಡುವವರಿಗೆ ದಂಡು ಕೊಡುವ ಬದಲು ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟ. ಒಬ್ಬ ನಗರಾಧ್ಯಕ್ಷ, ಒಬ್ಬ ವಿಶ್ವವಿದ್ಯಾಲಯದ ಮುಖ್ಯಸ್ಥ, ಒಬ್ಬ ಬ್ಯಾಂಕಿನವ. ಹೌದು, ಜಗತ್ತಿನ ಈ ಬಗೆಯ ಮೊದಮೊದಲ ಸೋಗುಗಳಲ್ಲಿ ನಮ್ಮ ಕಸುಬಿನವನೂ ಒಬ್ಬನಿದ್ದ! ಅದರಲ್ಲಿ ಆಡಿದ ಡೇವ್ ಅರ್ನೆಸನ್, ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಿದ. ಮೊದಲ ಸಲ ಒಂದು ಸಾವಿರ ಪ್ರತಿ. ಗೈಗ್ಯಾಕ್ಸ್ ಅದಕ್ಕೂ ಮುಂಚೆ ವಿಮೆ ಕಂಪನಿಯಲ್ಲಿ ಕೆಲಸ ಮಾಡಿದ್ದವರು. ಆಟದ ತುಂಬ ಕೋಷ್ಟಕಗಳೇ ಕಂಡರೆ ಆಶ್ಚರ್ಯಪಡಬೇಡಿ.

ಈ ಆಟ ಹೇಗೆ ನಡೆಯುತ್ತಿತ್ತು ನೋಡಿ. ಒಂದು ಮೇಜು, ಸುತ್ತ ಐದಾರು ಗೆಳೆಯರು, ಕೈಯಲ್ಲಿ ಪೆನ್ಸಿಲು, ಹಾಳೆ, ದಾಳ. ಒಬ್ಬ ಕಥೆ ಹೇಳುವವ. ಪ್ರಶಿಯಾದ ಪಂಚನೇ ಇಲ್ಲಿ ಕಥೆಗಾರನಾಗಿ ಕುಳಿತಿದ್ದಾನೆ. 'ಮುಂದೆ ಕತ್ತಲೆ ನೆಲಮಾಳಿಗೆ ಇದೆ, ಏನು ಮಾಡುತ್ತೀರಿ?' ಎಂದು ಅವನು ಕೇಳಬೇಕು. ಒಬ್ಬ 'ದೀವಟಿಗೆ ಹಚ್ಚುತ್ತೇನೆ' ಅನ್ನಬೇಕು, ಇನ್ನೊಬ್ಬ 'ನೀನೇ ಮುಂದೆ ಹೋಗು, ನನಗೆ ಹೆಂಡತಿ ಮಕ್ಕಳಿದ್ದಾರೆ' ಅನ್ನಬೇಕು, ಎಲ್ಲರೂ ನಗಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಭಾಗವತನಿದ್ದಾನೆ, ಸಾರಥಿಯಿದ್ದಾನೆ, ಪಾತ್ರಗಳಿವೆ. ಪ್ರೇಕ್ಷಕರು ಮಾತ್ರ ಬೇರೆ ಇಲ್ಲ, ಒಬ್ಬರ ಸೋಗಿಗೆ ಉಳಿದವರೇ ಪ್ರೇಕ್ಷಕರು.

ಈ ಆಟದ ಇನ್ನೊಂದು ಮುಖ ಲೆಕ್ಕದ್ದು. ಪಾತ್ರಕ್ಕೆ ಎಷ್ಟು ಪೆಟ್ಟು ತಾಳುವ ಶಕ್ತಿ ಇದೆ ಎಂಬುದನ್ನು ಅಂಕಿಯಲ್ಲಿ ಬರೆದಿಟ್ಟು, ಪೆಟ್ಟು ಬಿದ್ದಂತೆ ಕಳೆಯುತ್ತ ಹೋಗುವುದು. ಈ ಪದ್ಧತಿಯನ್ನು ಹಡಗುಗಳ ಯುದ್ಧದಾಟದಿಂದ ತಂದೆ ಎಂದು ಅರ್ನೆಸನ್ ಅವರೇ ಹೇಳಿದ್ದಾರೆ. ಹಡಗಿಗೆ ಇದ್ದ ಲೆಕ್ಕ ಮನುಷ್ಯನಿಗೆ ಬಂತು. 1974ರ ನಿಯಮದಲ್ಲಿ ಗಳಿಸಿದ ಒಂದು ಹೊನ್ನಿಗೆ ಅನುಭವದ ಒಂದು ಅಂಕ ಜಮಾ. ಅಂಕ ಕೂಡಿದಂತೆ ಪಾತ್ರಕ್ಕೆ ಬಡ್ತಿ. ಹೀಗೆ ಆ ಮೇಜಿನ ಮೇಲೆ ಎರಡು ವಸ್ತು ಇದ್ದವು, ಒಂದು ಹರಟೆ, ಇನ್ನೊಂದು ಖಾತೆ ಪುಸ್ತಕ.

ಗಣಕಯಂತ್ರ ಬಂತು. 1981ರಲ್ಲಿ ಅಲ್ಟಿಮಾ, ವಿಝರ್ಡ್ರಿ ಎಂಬ ಆಟಗಳು ಬಂದವು, 1994ರಲ್ಲಿ ಬೆಥೆಸ್ಡಾದವರ ಎಲ್ಡರ್ ಸ್ಕ್ರೋಲ್ಸ್ ಮಾಲಿಕೆ ಶುರುವಾಯಿತು. ಸ್ಕೈರಿಮ್ ಅದರಲ್ಲಿ ಐದನೆಯದು. ಯಂತ್ರ ಯಾವ ಕೆಲಸದಲ್ಲಿ ಗಟ್ಟಿ? ಕೂಡುವುದು, ಕಳೆಯುವುದು, ನೆನಪಿಡುವುದು. ಮೇಜಿನ ಮೇಲಿದ್ದ ಎರಡು ವಸ್ತುಗಳಲ್ಲಿ ಖಾತೆ ಪುಸ್ತಕ ಪೂರ್ತಿಯಾಗಿ ಯಂತ್ರದೊಳಗೆ ಹೋಯಿತು. ಹರಟೆ ಹೊರಗೇ ಉಳಿಯಿತು. ಗೆಳೆಯರು ಎದ್ದು ಮನೆಗೆ ಹೋದರು. ಕಥೆಗಾರನ ಜಾಗದಲ್ಲಿ ಮೊದಲೇ ಬರೆದಿಟ್ಟ ಮಾತುಗಳು ಬಂದು ಕುಳಿತವು. ನನ್ನ ತಿಳುವಳಿಕೆಯಂತೆ ನಮ್ಮ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನರ್ಧ ಆಟದ ಮೊದಲ ಹತ್ತು ನಿಮಿಷದಲ್ಲಿದೆ. ಕೈದಿಯಾಗಿ ಬಂಡಿಯಲ್ಲಿ ಕುಳಿತಿದ್ದೀರಿ. ತಪ್ಪೇನೆಂದರೆ ಗಡಿ ದಾಟಲು ಹೋಗಿ ಸಿಕ್ಕಿಬಿದ್ದಿದ್ದೀರಿ! (ಇದನ್ನು ಕೇಳಿ ನನಗೆ ನಗು ಬಂತು. ನಾವು ಭಾಲ್ಕಿಗೆ, ಔರಾದಕ್ಕೆ, ಬಸವಕಲ್ಯಾಣಕ್ಕೆ ಬೀಗತನಕ್ಕೂ ಬಾಜಾರಕ್ಕೂ ದಿನಾ ಗಡಿ ದಾಟುವವರು. ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು; 1956ರ ನವೆಂಬರ್ 1ರಂದು ಮಂದಿ ಮನೆಯಲ್ಲೇ ಕುಳಿತಿದ್ದರು, ಗಡಿಯೇ ದಾಟಿಕೊಂಡು ಹೋಯಿತು.) ಬಂಡಿ ಒಂದು ಊರಿಗೆ ಬರುತ್ತದೆ. ಒಬ್ಬ ಸಿಪಾಯಿ ಯಾದಿ ಹಿಡಿದು ನಿಂತು 'ನೀನು ಯಾರು?' ಎಂದು ಕೇಳುತ್ತಾನೆ. ಆಗ ಆಡುವವರು ತಮ್ಮ ಕುಲ, ಮುಖ, ಹೆಸರು ಎಲ್ಲ ಆರಿಸಿಕೊಳ್ಳಬೇಕು. ಹತ್ತು ಕುಲಗಳಿವೆ, ಮೂಗು ಗಲ್ಲ ಹುಬ್ಬುಗಳಿಗೆ ಲೆಕ್ಕವಿಲ್ಲ. ಆಮೇಲೆ ಸಿಪಾಯಿ ನೋಡಿದರೆ ಯಾದಿಯಲ್ಲಿ ಈ ಹೆಸರೇ ಇಲ್ಲ. ಮೇಲಧಿಕಾರಿ ಯಾದಿ ಬಿಡು, ತಲೆ ಕಡಿ ಅನ್ನುತ್ತಾಳೆ. ಯಾದಿಯಲ್ಲಿ ಹೆಸರಿಲ್ಲದವನಿಗೆ ಪೇಮೆಂಟು ಮಾಡಿದರೂ ನಮ್ಮಲ್ಲಿ ವಿಚಾರಣೆ ಇರುತ್ತಿತ್ತು.

'ನೀನು ಯಾರು?' ಎಂಬ ಇದೇ ಪ್ರಶ್ನೆ ನಮ್ಮ ದೊಡ್ಡಾಟದಲ್ಲೂ ಇದೆ. ಪಾತ್ರ ರಂಗಕ್ಕೆ ಬಂದ ಕೂಡಲೆ ಸಾರಥಿ ಕೈಮುಗಿದು 'ತಾವು ಯಾರು, ತಮ್ಮ ನಾಮಾಂಕಿತವೇನು?' ಎಂದು ಕೇಳುತ್ತಾನೆ. ಆದರೆ ಅಲ್ಲಿ ಉತ್ತರ ಇಡೀ ಊರಿಗೆ ಮೊದಲೇ ಗೊತ್ತು. ಭುಜಕೀರ್ತಿ ನೋಡಿಯೇ ಹಿಂದೆ ಕುಳಿತ ಮುದುಕಿ ಇವನು ಕರ್ಣ ಎಂದು ಹೇಳಿಬಿಡುತ್ತಾಳೆ, ಅವನು ಸಾಯುತ್ತಾನೆಂದೂ ಆಕೆಗೆ ಗೊತ್ತು, ಆದರೂ ಅಳುತ್ತಾಳೆ. ಸೋಗು ಹಾಕಿದವನ ಬೆನ್ನಿಗೆ ಸಾವಿರ ವರ್ಷದ ಕಥೆ ನಿಂತಿರುತ್ತದೆ, ಎದುರಿಗೆ ಊರೇ ಕುಳಿತಿರುತ್ತದೆ. ಸ್ಕೈರಿಮ್‌ನಲ್ಲಿ 'ನೀನು ಯಾರು' ಎಂದಾಗ ಉತ್ತರ ಆಟಕ್ಕೂ ಗೊತ್ತಿಲ್ಲ, ಆಡುವವನಿಗೂ ಗೊತ್ತಿಲ್ಲ. ಆಡುವವನೇ ಹುಟ್ಟಿಸಬೇಕು. ಇದರಲ್ಲೇ ಸುಖ ಕಾಣುವವರಿದ್ದಾರೆ, ಅದು ಸಣ್ಣ ಸುಖವೇನಲ್ಲ. ಖಾಲಿ ಹಾಳೆ ಕಂಡರೆ ಬರೆಯುವವನ ಕೈ ಕಡಿಯುತ್ತದೆ. ಆದರೆ ಖಾಲಿ ಹಾಳೆ ಕಂಡು ಸುಮ್ಮನೆ ಕುಳಿತುಬಿಡುವವನು ದಡ್ಡನೆಂದು ಹೇಳಲಾದೀತೆ?

ಈ ಲೋಕದ ಯಕ್ಷರು, ಘಟಸರ್ಪಗಳು, ಹಿಮದೂರಿನ ವೀರರು ಉತ್ತರ ಯುರೋಪಿನ ಹಳೆಯ ಕಥೆಗಳಿಂದ ಬಂದವರು. ಅಲ್ಲಿಯ ಮಕ್ಕಳಿಗೆ ಅಜ್ಜಿಯ ಬಾಯಿಂದ ಸ್ವಲ್ಪವಾದರೂ ಪರಿಚಯ. ನಮ್ಮ ಹುಡುಗ ಹಿಮವನ್ನು ಸಿನಿಮಾದಲ್ಲಿ ಕಂಡವನು. ಆಟದಲ್ಲಿ ಅವನೊಂದು ಹಳೆಯ ಕೋಟೆ ಹೊಕ್ಕ, ಅದು ಅವನಿಗೆ ಬರೀ ಕಲ್ಲು. ಉದಗೀರದ ಕೋಟೆ ಹೊಕ್ಕರೆ ಹಾಗಲ್ಲ. 1760ರ ಫೆಬ್ರವರಿಯಲ್ಲಿ ಸದಾಶಿವರಾವ ಭಾವೂ ನಿಜಾಮನನ್ನು ಸೋಲಿಸಿದ್ದು ಇಲ್ಲಿ, ಮರುವರ್ಷ ಜನವರಿಯಲ್ಲಿ ಅದೇ ಭಾವೂ ಪಾಣಿಪತದಲ್ಲಿ ಮಡಿದದ್ದು ಮರಾಠಿ ಮಾತಿನೊಳಗೇ ಸೇರಿಹೋಗಿದೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗನೂ 'ಪಾಣಿಪತ ಝಾಲಂ' ಅನ್ನುತ್ತಾನೆ.

ಖಾತೆಯ ಮಾತಿಗೆ ಮರಳೋಣ. ಸ್ಕೈರಿಮ್‌ನ ವೀರನಿಗೆ ಮೂರು ಖಾತೆ: ಆರೋಗ್ಯ, ಮಂತ್ರಶಕ್ತಿ, ದಮ್ಮು. ಸಾಮಾನ್ಯವಾಗಿ ಮೂರೂ ನೂರರಿಂದ ತೆರೆಯುತ್ತವೆ. ಹೊರುವ ಭಾರಕ್ಕೆ 300ರ ಮಿತಿ. ಹದಿನೆಂಟು ವಿದ್ಯೆಗಳು, ಮಾಡಿದಷ್ಟೂ ಹೆಚ್ಚುತ್ತವೆ. ಮೊದಮೊದಲು ಆಡುವವರು ಕಮ್ಮಾರಿಕೆ ವಿದ್ಯೆ ಏರಿಸಲೆಂದು ಕಬ್ಬಿಣದ ಚೂರಿಗಳನ್ನು ನೂರುಗಟ್ಟಲೆ ಬಡಿಯುತ್ತ ಕೂಡುತ್ತಿದ್ದರು. ಬಳಿಕ ಕಂಪನಿಯವರೇ ಲೆಕ್ಕದ ಕ್ರಮ ಬದಲಿಸಿದರು. ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಮಗಳಿಗೆ ಈ ಆಟ ಬಲು ಪ್ರೀತಿ. ಅವಳು ಹೇಳುವುದು ನೋಡಿ: 'ಹಗಲೆಲ್ಲ ಆಫೀಸಿನಲ್ಲಿ ದುಡಿದರೂ ಏನು ಹೆಚ್ಚಾಯಿತೋ ಕಾಣುವುದಿಲ್ಲ, ಇಲ್ಲಿ ಹೊಡೆದ ಪ್ರತಿ ಸುತ್ತಿಗೆಗೂ ಜಮಾ ಕಾಣುತ್ತದೆ.' ಗಾದೆ ಸುಳ್ಳು ಮಾಡುವಂತೆ ಇಲ್ಲಿ ರೊಕ್ಕದ ಸೋಗನ್ನೂ ಹಾಕಬಹುದು. ಅವಳ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಯಾರಿಗೆ ವೀರನ ಹಿಂದೆ ಖಾತೆ ಪುಸ್ತಕವೇ ಎದ್ದು ಕಾಣುತ್ತದೋ ಅವರಿಗೆ ಆಟ ದುಡಿಮೆಯಾಗಿಬಿಡುತ್ತದೆ. ಮೂವತ್ತು ವರ್ಷ ಲೆಡ್ಜರು ಬರೆದವನಿಗೆ ಸಂಜೆ ಮತ್ತೊಂದು ಲೆಡ್ಜರು ಕೊಟ್ಟರೆ ಹೇಗಿರುತ್ತದೆ ಎಂದು ನಾನು ಹೇಳಬಲ್ಲೆ.

ಇನ್ನೊಂದು ಮಾತು, ಸ್ವಲ್ಪ ಭಾರವಾದದ್ದು. ಆಟದ ಆರಂಭದಲ್ಲೇ ಘಟಸರ್ಪ ಬಂದು ಆ ಇಡೀ ಊರನ್ನು ಸುಡುತ್ತದೆ. ಆಡುವವನು ತಪ್ಪಿಸಿಕೊಂಡು ಪಕ್ಕದೂರಿಗೆ ಹೋದರೆ ಸುದ್ದಿ ಕೇಳಿದವರು ಎರಡು ಮಾತು ಆಡಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಸುಟ್ಟ ಊರು ಹಾಗೇ ಬಿದ್ದಿರುತ್ತದೆ, ಬರುಬರುತ್ತ ಕಳ್ಳರು ಸೇರಿಕೊಳ್ಳುತ್ತಾರೆ. ಯಾರೂ ತಮ್ಮವರನ್ನು ಹುಡುಕಿಕೊಂಡು ಬರುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಮುಳುಗಿಸಿ ಬಂದು ಮಲಗಿದ್ದ ಮಂದಿಯ ಮೇಲೆ ಕಿಲ್ಲಾರಿ, ಸಾಸ್ತೂರಗಳ ಗೋಡೆ ಬಿದ್ದದ್ದನ್ನು ಔಸಾ, ನಿಲಂಗಾ, ಉಮರ್ಗಾ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸತ್ತವರು ಎಂಟು ಸಾವಿರದ ಆಸುಪಾಸು. ಐವತ್ತೆರಡು ಊರು ಹೊಸ ಜಾಗಕ್ಕೆ ಹೋದವು. ಹಳೆಯ ಊರಿನ ಕಟ್ಟೆಯ ಸಲುವಾಗಿ ಇಂದಿಗೂ ಉಸಿರುಬಿಡುವ ಹಿರಿಯರಿದ್ದಾರೆ. ಇಂಥ ಮನೆಯ ಹುಡುಗ ಆ ಸುಟ್ಟ ಊರನ್ನು ಕಂಡು 'ಇಲ್ಲಿಯ ಮಂದಿ ಎತ್ತ ಹೋದರು?' ಎಂದು ಕೇಳಿದರೆ ಆಟದ ಹತ್ತಿರ ಉತ್ತರವಿಲ್ಲ. ಅದು ಅವನನ್ನು ಮುಂದಿನ ಕೆಲಸಕ್ಕೆ ಕಳಿಸುತ್ತದೆ. ಈ ಲೋಕದಲ್ಲಿ ಮಾಡಿದ್ದಕ್ಕೆ ತೂಕವಿಲ್ಲ ಎಂಬ ದೂರು ಆಟ ಬಿಟ್ಟ ಅನೇಕರದು. ನಾಲ್ಕಾರು ಮಂತ್ರ ಕಲಿತವನೇ ಮಂತ್ರವಿದ್ಯೆಯ ಗುರುಕುಲಕ್ಕೆ ಮುಖ್ಯಸ್ಥನಾಗುತ್ತಾನೆ, ಆದ ಮೇಲೂ ಕಾವಲುಗಾರರು ಮೊಣಕಾಲಿಗೆ ಬಾಣ ಬಿದ್ದ ತಮ್ಮ ಹಳೆಯ ಕಥೆಯನ್ನೇ ಹೇಳುತ್ತಾರೆ.

ಹಾಗಾದರೆ ನಮ್ಮ ಹುಡುಗರಿಗೆ ಇಂಥ ಆಟಗಳೇ ಬೇಡವೋ? ಹಾಗೂ ಅಲ್ಲ. ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ನೋಡಿ, ಮೊಬೈಲಿನಲ್ಲಿ ನಾಲ್ವರು ಕೂಡಿ ಬಂದೂಕಿನ ಆಟ ಆಡುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾದಾಗ ಮನೆಯಲ್ಲಿ ಸೂತಕ ಬಂದಂತೆ ಕುಳಿತವರಿದ್ದರು. ಇಂಗ್ಲಿಷ್ ಕಚ್ಚಾ ಇರುವುದು ಅಲ್ಲೇನೂ ಅಡ್ಡಬರಲಿಲ್ಲ, ಯಾಕೆಂದರೆ ಕಿವಿಯಲ್ಲಿ ಗೆಳೆಯನ ದನಿ ಇರುತ್ತದೆ: 'ಏ ಮಾಗೇ ಬಘ, ಹಿಂದ ನೋಡೋ!' ನಮ್ಮ ಹುಡುಗನೂ ಅದನ್ನು ಬೆಳತನಕ ಆಡಿದವನೇ. ಅವನಿಗೆ ಆಟ ಹತ್ತುತ್ತದೆ, ಒಬ್ಬನೇ ಕೂಡುವುದು ಹತ್ತುವುದಿಲ್ಲ.

ಭಾಷೆಯ ಮಾತನ್ನು ಮಾತ್ರ ಪೂರ್ತಿ ಬಿಡುವಂತಿಲ್ಲ. ಸ್ಕೈರಿಮ್ ಕನ್ನಡದಲ್ಲಿಲ್ಲ, ಮರಾಠಿಯಲ್ಲೂ ಇಲ್ಲ. ಅದರ ತುಂಬ ಓದುವ ಪುಸ್ತಕಗಳು, ಕೇಳುವ ಸಂಭಾಷಣೆಗಳು. ಪೋಲೆಂಡಿನವರು ಇದಕ್ಕೊಂದು ದಾರಿ ಕಂಡರು. ವಾರ್ಸಾದ ಸಿಡಿ ಪ್ರಾಜೆಕ್ಟ್ ಎಂಬ ಕಂಪನಿ 1994ರಲ್ಲಿ ಹೊರಗಿನ ಆಟಗಳನ್ನು ತಂದು ಮಾರುವ ಅಂಗಡಿಯಾಗಿ ಶುರುವಾಯಿತು. 1999ರಲ್ಲಿ ಅವರು ಬಾಲ್ಡರ್ಸ್ ಗೇಟ್ ಎಂಬ ಇಂಗ್ಲಿಷ್ ಆಟವನ್ನು ಪೋಲಿಷ್ ಭಾಷೆಗೆ ತಂದರು, ಹೆಸರಾಂತ ನಟರಿಂದ ಮಾತಾಡಿಸಿದರು. ಆಟ ಚೆನ್ನಾಗಿ ಮಾರಾಟವಾಯಿತು. ಆ ಬಲದ ಮೇಲೆ ತಮ್ಮದೇ ಆಟಕ್ಕೆ ಕೈಹಾಕಿದರು. ಸಪ್ಕೋವ್ಸ್ಕಿ ಎಂಬ ಪೋಲಿಷ್ ಲೇಖಕರು 1986ರಿಂದ ಬರೆದ ಕಥೆಗಳನ್ನು ಹಿಡಿದು 2007ರಲ್ಲಿ ವಿಚರ್ ಹೊರಬಂತು. 2015ರಲ್ಲಿ ಬಂದ ಅದರ ಮೂರನೆಯ ಆಟ ಸ್ಕೈರಿಮ್‌ಗೆ ಸರಿಸಾಟಿಯಾಗಿ ನಿಂತಿತು. ಅದರಲ್ಲಿ ವೀರ ಯಾರೆಂದು ಆಡುವವನು ಹುಟ್ಟಿಸಬೇಕಾಗಿಲ್ಲ. ಅವನಿಗೆ ಹೆಸರಿದೆ, ಹಳೆಯ ಗೆಳೆಯರಿದ್ದಾರೆ, ಹುಡುಕಬೇಕಾದ ಮಗಳಂಥ ಹುಡುಗಿಯಿದ್ದಾಳೆ. ಸ್ಕೈರಿಮ್ ಹತ್ತದ ಎಷ್ಟೋ ಮಂದಿಗೆ ಇದು ಹತ್ತಿದ್ದು ಅದಕ್ಕೇ ಇರಬೇಕು. ನಮ್ಮ ಪುಣೆಯಲ್ಲೂ ನಾಡಿಂಗ್ ಹೆಡ್ಸ್ ಎಂಬವರು 2020ರಲ್ಲಿ ರಾಜಿ ಎಂಬ ಆಟ ಹೊರತಂದರು. ತಮ್ಮನನ್ನು ಹುಡುಕುವ ಅಕ್ಕ, ಅವಳಿಗೆ ಆಯುಧ ಕೊಡುವ ದುರ್ಗೆ. ಬಳಿಕ ಅದಕ್ಕೆ ಹಿಂದಿ ಮಾತೂ ಸೇರಿತು. ಅದನ್ನು ಹುಡುಗನಿಗೆ ಹೇಳಿದ್ದೇನೆ.

ಆಟ ಬಿಟ್ಟವರೆಲ್ಲ ಹೋದದ್ದೆಲ್ಲಿಗೆ ಎಂದು ನೋಡಿದರೆ ಒಂದು ತಮಾಷೆ ಕಾಣುತ್ತದೆ. 2015ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಕ್ರಿಟಿಕಲ್ ರೋಲ್ ಎಂಬ ಕಾರ್ಯಕ್ರಮ ಶುರುವಾಯಿತು. ಗಣಕದ ಆಟಗಳಿಗೂ ಕಾರ್ಟೂನುಗಳಿಗೂ ದನಿ ಕೊಡುವ ಕಲಾವಿದರು ಏಳೆಂಟು ಮಂದಿ ಮೇಜಿನ ಸುತ್ತ ಕುಳಿತು 1974ರ ಆ ಹಳೆಯ ಆಟವನ್ನೇ ಆಡುತ್ತಾರೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಸೋಗು ಹಾಕುತ್ತಾರೆ, ನಗುತ್ತಾರೆ, ಅಳುತ್ತಾರೆ. ಜಗತ್ತಿನ ಲಕ್ಷಾಂತರ ಮಂದಿ ತಾವು ಆಡದೆ, ವಾರವಾರ ಅದನ್ನು ಕುಳಿತು ನೋಡುತ್ತಾರೆ. ಒಂದು ಸಲಕ್ಕೆ ಮೂರು ನಾಲ್ಕು ತಾಸು ನಡೆಯುತ್ತದಂತೆ. ಇಷ್ಟು ಹೊತ್ತು ಯಾರು ನೋಡುತ್ತಾರೆ ಎಂದು ಅಲ್ಲಿಯವರು ಬೆರಗಾದರಂತೆ. ದೊಡ್ಡಾಟದಲ್ಲಿ ಮೂರು ತಾಸಿಗೆ ಗಣಪತಿಯ ಪೂಜೆ ಮುಗಿದು ಮೊದಲ ರಾಜ ಒಡ್ಡೋಲಗಕ್ಕೆ ಬಂದಿರುತ್ತಾನೆ ಅಷ್ಟೆ.